ಸೇವೆಯಲ್ಲಿರುವ ಸೈನಿಕರ ರಾಜಕೀಯ ಮಾತನ್ನು ರೆಕಾರ್ಡ್ ಮಾಡಿ ಹಂಚಬೇಡಿ: ನನಗಾದ ಅನುಭವ

ಸೇನೆಯಲ್ಲಿ ಇರುವವರು, ಅವರ ಮನೆಯವರು ಮತ್ತು ಕೈಗೆ ಸಿಕ್ಕಿದ್ದನ್ನೆಲ್ಲ ಮೊಬೈಲ್‌ನಲ್ಲಿ ಹಿಡಿದು ಹತ್ತಾರು ಗುಂಪುಗಳಿಗೆ ಕಳುಹಿಸುವವರು, ಈ ಮೂರೂ ಬಗೆಯವರು ಓದಲೆಂದು ಇದನ್ನು ಬರೆಯುತ್ತಿದ್ದೇನೆ. 2024ರ ಲೋಕಸಭಾ ಚುನಾವಣೆ ನಡೆದಾಗ ನಾನು ಭೂಸೇನೆಯಲ್ಲಿ ಹವಾಲ್ದಾರನಾಗಿದ್ದೆ. ಈಗ ನಿವೃತ್ತನಾಗಿದ್ದೇನೆ, ಆದ್ದರಿಂದಲೇ ಇದನ್ನು ಬಹಿರಂಗವಾಗಿ ಹೇಳಲು ಸಾಧ್ಯವಾಗಿದೆ.

ವಾರ್ಷಿಕ ರಜೆಯಲ್ಲಿದ್ದಾಗ ನೆಂಟರ ಮನೆಯ ಸಮಾರಂಭವೊಂದರಲ್ಲಿ ನಾಲ್ಕಾರು ಜನ ಕುಳಿತು ಚುನಾವಣೆಯ ವಿಷಯ ಮಾತನಾಡುತ್ತಿದ್ದರು. "ಮಾವ, ನೀವು ಒಳಗಿದ್ದು ನೋಡಿದವರು, ನಿಮಗೇನನ್ನಿಸುತ್ತದೆ ಹೇಳಿ" ಎಂದು ನೆಂಟರ ಹುಡುಗನೊಬ್ಬ ಕೇಳಿದ. ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಕ್ಕೆಂದು ಸೇರುವ ಹುಡುಗರ ಪೈಕಿ ಹೆಚ್ಚೆಂದರೆ ಶೇಕಡಾ 25ರಷ್ಟು ಮಂದಿ ಮಾತ್ರ ಕಾಯಂ ಆಗುವುದಾದರೆ ಉಳಿದವರ ಮುಂದಿನ ದಾರಿ ಏನು ಎಂಬ ನನ್ನ ಚಿಂತೆಯನ್ನು ಹೇಳಿದೆ. ಅದೇ ಉಸಿರಿನಲ್ಲಿ, 2020ರಲ್ಲಿ ಹಿಮಾಚಲದ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲಿ ರೋಹ್ತಾಂಗ್ ಕಣಿವೆಮಾರ್ಗದ ಹಂಗಿಲ್ಲದೆ ವಾಹನಗಳು ಆಚೆ ದಾಟುತ್ತಿರುವುದು ನಮ್ಮಂಥವರಿಗೆ ಎಷ್ಟು ದೊಡ್ಡ ಅನುಕೂಲ ಎಂಬುದನ್ನೂ ಹೇಳಿದೆ. ಯಾವ ಪಕ್ಷದ ಹೆಸರನ್ನೂ ಎತ್ತಲಿಲ್ಲ, ಯಾರಿಗೆ ಮತ ಹಾಕಬೇಕೆಂದೂ ಹೇಳಲಿಲ್ಲ. ಕೇಳಿದ ಹುಡುಗನ ಪಕ್ಕದಲ್ಲಿದ್ದವನೊಬ್ಬ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಎಲ್ಲವನ್ನೂ ಚಿತ್ರೀಕರಿಸುತ್ತಿದ್ದುದು ನನಗೆ ತಿಳಿಯಲಿಲ್ಲ.

ಕೆಲವೇ ದಿನಗಳಲ್ಲಿ ಆ ಮಾತು ಎರಡು ತುಂಡಾಗಿ ಎರಡು ದಿಕ್ಕಿಗೆ ಹೋಯಿತು. ಅಗ್ನಿಪಥದ ಭಾಗವನ್ನು ಮಾತ್ರ ಕತ್ತರಿಸಿ "ಗಡಿಯಿಂದ ಯೋಧನ ಆಕ್ರೋಶ" ಎಂದು ಒಂದು ಕಡೆಯವರು ಹಂಚಿದರೆ, ಸುರಂಗದ ಭಾಗವನ್ನು ಮಾತ್ರ ಉಳಿಸಿ "ಯೋಧನೇ ಹೇಳಿದ ಸತ್ಯ" ಎಂದು ಅವರ ಎದುರಾಳಿಗಳು ಹಂಚಿದರು. ನಾನು ಕುಳಿತಿದ್ದುದು ನೆಂಟರ ಮನೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಮೈಮೇಲಿದ್ದುದು ಸಾಧಾರಣ ಅಂಗಿ. ಆದರೆ ಎರಡೂ ವಿಡಿಯೋಗಳ ಮೂಲೆಯಲ್ಲಿ ನಾನು ಸಮವಸ್ತ್ರದಲ್ಲಿದ್ದ ಹಳೆಯ ಚಿತ್ರವೊಂದನ್ನು ಅಂಟಿಸಿದ್ದರು. ಅದು ಹಿಂದೊಮ್ಮೆ ಮನೆಯವರೊಬ್ಬರು ಅಭಿಮಾನದಿಂದ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಿಕೊಂಡಿದ್ದ ಚಿತ್ರ. ಎದೆಯ ಮೇಲಿನ ಹೆಸರುಪಟ್ಟಿ ಅದರಲ್ಲಿ ಸ್ಪಷ್ಟವಾಗಿ ಓದಲು ಬರುತ್ತಿತ್ತು. ಪರಸ್ಪರ ಮುಖ ನೋಡದ ಎರಡು ಗುಂಪುಗಳಿಗೆ ಏಕಕಾಲಕ್ಕೆ ನಾನು ಪ್ರಚಾರಕನಾಗಿಬಿಟ್ಟಿದ್ದೆ.

ರಜೆ ಮುಗಿಯುವ ಮೊದಲೇ ಯೂನಿಟ್‌ನಿಂದ ಕರೆ ಬಂತು. ರಜೆಯಲ್ಲಿದ್ದರೂ ಸೈನಿಕ ಸೇನಾ ಕಾಯ್ದೆಗೆ ಒಳಪಟ್ಟೇ ಇರುತ್ತಾನೆ ಎಂಬುದು ಹೊರಗಿನ ಬಹಳ ಮಂದಿಗೆ ಗೊತ್ತಿಲ್ಲ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಂವಿಧಾನದ 33ನೇ ವಿಧಿಯು ಸಶಸ್ತ್ರ ಪಡೆಗಳವರ ಮೂಲಭೂತ ಹಕ್ಕುಗಳನ್ನು ಎಷ್ಟರಮಟ್ಟಿಗೆ ಮಿತಿಗೊಳಿಸಬಹುದೆಂದು ಕಾನೂನಿನ ಮೂಲಕ ನಿರ್ಧರಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಅದರಂತೆ ಬಂದ 1950ರ ಸೇನಾ ಕಾಯ್ದೆ ಮತ್ತು 1954ರ ಸೇನಾ ನಿಯಮಗಳ ಪ್ರಕಾರ, ಸೇವೆಯಲ್ಲಿರುವವರು ರಾಜಕೀಯ ಸಭೆ ಮೆರವಣಿಗೆಗಳಲ್ಲಿ ಭಾಗವಹಿಸುವಂತಿಲ್ಲ, ರಾಜಕೀಯ ಸಂಘಟನೆಯನ್ನು ಸೇರುವಂತಿಲ್ಲ, ಅದಕ್ಕೆ ಹಣ ಕೊಡುವಂತಿಲ್ಲ. ಇದು 20ನೇ ನಿಯಮ. 21ನೇ ನಿಯಮವು ರಾಜಕೀಯ ಪ್ರಶ್ನೆಯನ್ನಾಗಲಿ ಸೇವಾ ವಿಷಯವನ್ನಾಗಲಿ ಅನುಮತಿಯಿಲ್ಲದೆ ಯಾವುದೇ ರೂಪದಲ್ಲಿ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಶಿಸ್ತು ಮತ್ತು ಸುವ್ಯವಸ್ಥೆಗೆ ಧಕ್ಕೆ ತರುವ ಕೃತ್ಯಕ್ಕೆ ಕಾಯ್ದೆಯ 63ನೇ ಕಲಂ ಅಡಿ ಕೋರ್ಟ್ ಮಾರ್ಷಲ್‌ನಲ್ಲಿ, ಅಂದರೆ ಸೇನಾ ನ್ಯಾಯಾಲಯದಲ್ಲಿ, ಏಳು ವರ್ಷದವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ.

ಈ ನಿಯಮಗಳನ್ನು ನಾನು ದೂರುತ್ತಿಲ್ಲ. ಬಂದೂಕು ಹಿಡಿದವನು ಯಾವ ಪಕ್ಷದ ಪರವೂ ಬಹಿರಂಗವಾಗಿ ನಿಲ್ಲಬಾರದು ಎಂಬುದನ್ನು ಅಂದೂ ಒಪ್ಪಿದ್ದೆ, ಇಂದೂ ಒಪ್ಪುತ್ತೇನೆ. ಹಾಗೆಂದು ಸೈನಿಕನಿಗೆ ರಾಜಕೀಯ ಅಭಿಪ್ರಾಯವೇ ಇರಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. ಅವನು ಸೇವಾ ಮತದಾರ. ಅಂಚೆ ಮತಪತ್ರ ಈಗ ವಿದ್ಯುನ್ಮಾನ ಮಾರ್ಗದಲ್ಲಿ ಅವನಿರುವಲ್ಲಿಗೇ ಬರುತ್ತದೆ. ನಿವೃತ್ತಿಯ ನಂತರ ಚುನಾವಣೆಗೂ ನಿಲ್ಲಬಹುದು: 1953ರಲ್ಲಿ ಸೇನೆಯಿಂದ ನಿವೃತ್ತರಾದ ನಮ್ಮ ಕೊಡಗಿನ ಕಾರ್ಯಪ್ಪನವರು 1971ರಲ್ಲಿ ಲೋಕಸಭೆಗೆ ಸ್ಪರ್ಧಿಸಿದ್ದರು. ಸೇವೆಯಲ್ಲಿರುವಷ್ಟು ಕಾಲ ಆ ಅಭಿಪ್ರಾಯ ಮತಪೆಟ್ಟಿಗೆಯಲ್ಲಿ ಮತ್ತು ಮನೆಯೊಳಗೆ ಉಳಿಯಬೇಕು, ಅಷ್ಟೆ. ಮನೆಯೊಳಗಿನದನ್ನು ಕದ್ದು ಬೀದಿಗೆ ತಂದವನು ಸೇನಾ ಕಾಯ್ದೆಯ ವ್ಯಾಪ್ತಿಗೆ ಬರುವುದೇ ಇಲ್ಲ. ವಿಚಾರಣೆ ಎದುರಿಸಬೇಕಾದವನು ಸೈನಿಕ. ನನ್ನ ಸಿಟ್ಟು ಇರುವುದು ಈ ಅನ್ಯಾಯದ ಮೇಲೆ.

ಕೋರ್ಟ್ ಆಫ್ ಎನ್‌ಕ್ವೈರಿ, ಅಂದರೆ ಸೇನೆಯೊಳಗಿನ ತನಿಖಾ ವಿಚಾರಣೆ, ನಡೆಯಿತು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಸೇರಿದಂತೆ 89 ಆ್ಯಪ್‌ಗಳನ್ನು ತೆಗೆದುಹಾಕಲು 2020ರ ಜುಲೈನಲ್ಲಿ ಸೇನೆ ಆದೇಶಿಸಿದಾಗಲೇ ನಾನು ನನ್ನ ಖಾತೆಗಳನ್ನು ಅಳಿಸಿದ್ದೆ; ಅದು ನನ್ನ ಪರವಾಗಿ ಬಂತು. ಅದಕ್ಕಿಂತ ಹೆಚ್ಚು ನೆರವಾದುದು ಸೇನಾ ನಿಯಮಗಳ 180ನೇ ನಿಯಮ. ವಿಚಾರಣೆಯು ಒಬ್ಬನ ಚಾರಿತ್ರ್ಯ ಅಥವಾ ಸೈನಿಕ ಗೌರವಕ್ಕೆ ಸಂಬಂಧಿಸಿದ್ದಾದರೆ ಉದ್ದಕ್ಕೂ ಹಾಜರಿರಲು, ಹೇಳಿಕೆ ಕೊಡಲು, ಸಾಕ್ಷಿಗಳನ್ನು ಪಾಟೀಸವಾಲು ಮಾಡಲು ಅವನಿಗೆ ಪೂರ್ಣ ಅವಕಾಶ ಕೊಡಬೇಕೆಂದು ಅದು ಹೇಳುತ್ತದೆ. ಈ ನಿಯಮ ಗೊತ್ತಿಲ್ಲದ ಎಷ್ಟೋ ಜವಾನರು ಕೇಳಿದ್ದಕ್ಕೆಲ್ಲ ತಲೆಯಾಡಿಸಿ ಸಹಿ ಹಾಕಿ ಬರುತ್ತಾರೆ. ಕತ್ತರಿಸದ ಪೂರ್ತಿ ವಿಡಿಯೋ ನೋಡದೆ ತೀರ್ಮಾನಕ್ಕೆ ಬರಬಾರದೆಂದು ನಾನು ಲಿಖಿತವಾಗಿ ಕೇಳಿಕೊಂಡೆ. ಚಿತ್ರೀಕರಿಸಿದವನು ಅಷ್ಟರಲ್ಲಿ ಹೆದರಿ ಅದನ್ನು ಅಳಿಸಿದ್ದ. ಪುಣ್ಯಕ್ಕೆ, ಪ್ರಶ್ನೆ ಕೇಳಿದ್ದ ಹುಡುಗನ ಫೋನಿನಲ್ಲಿ ಒಂದು ಪ್ರತಿ ಉಳಿದಿತ್ತು. ಮನೆಯವರು ಬೈಯುತ್ತಾರೆಂಬ ಅಳುಕಿನ ನಡುವೆಯೂ ಅವನು ಅದನ್ನು ಕಳುಹಿಸಿಕೊಟ್ಟ, ನಡೆದದ್ದನ್ನು ಬರೆದೂ ಕೊಟ್ಟ.

ನನ್ನ ಮೇಲೆ ತಪ್ಪು ಸಾಬೀತಾಗಲಿಲ್ಲ. ಆದರೆ ಪ್ರಕರಣ ಬಾಕಿಯಿದ್ದಷ್ಟು ಕಾಲ ಹವಾಲ್ದಾರನಿಗೆ ಮುಂದಿನ ಹುದ್ದೆಯಾದ ನಾಯಬ್ ಸುಬೇದಾರ್ ಬಡ್ತಿ ತಡೆಹಿಡಿಯಲ್ಪಟ್ಟಿತು, ಎಲ್ಲವೂ ಇತ್ಯರ್ಥವಾಗುವ ಹೊತ್ತಿಗೆ ನನ್ನ ಸೇವಾವಧಿಯೇ ಮುಗಿದಿತ್ತು. ಹವಾಲ್ದಾರನಾಗಿಯೇ ಹೊರಬಂದೆ. ಪಿಂಚಣಿ ಕೊನೆಯ ವೇತನದ ಮೇಲೆ ನಿಗದಿಯಾಗುವುದರಿಂದ ಬದುಕಿರುವವರೆಗೂ ಪ್ರತಿ ತಿಂಗಳು ಈ ನಷ್ಟ ನನ್ನದು, ನನ್ನ ನಂತರ ಹೆಂಡತಿಯದು. ವಿಡಿಯೋ ಹಂಚಿದ ಎರಡು ಕಡೆಯವರಲ್ಲಿ ಒಬ್ಬರೂ ಬಂದು ಏನಾಯಿತೆಂದು ವಿಚಾರಿಸಲಿಲ್ಲ.

ಸೇವೆಯಲ್ಲಿರುವ ತಮ್ಮಂದಿರೇ, ನಿಮ್ಮ ಇಂಥ ವಿಡಿಯೋ ಹರಿದಾಡುತ್ತಿದೆಯೆಂದು ತಿಳಿದ ಕೂಡಲೇ ಬೇರೆ ಯಾರ ಬಾಯಿಂದಲೋ ಸುದ್ದಿ ಮುಟ್ಟುವ ಮೊದಲು ನೀವೇ ಯೂನಿಟ್‌ಗೆ ಬರೆದು ತಿಳಿಸಿ. ಹಂಚಿದವರ ಜೊತೆ ಕಮೆಂಟ್‌ಗಳಲ್ಲಿ ಜಗಳಕ್ಕಿಳಿಯಬೇಡಿ. ಅಲ್ಲಿ ನೀವು ಬರೆಯುವ ಸಮಜಾಯಿಷಿಯೇ ಹೊಸ ಪ್ರಕಟಣೆಯಾಗುತ್ತದೆ. ಮೂಲ ವಿಡಿಯೋ, ಸ್ಕ್ರೀನ್‌ಶಾಟ್, ಕಳುಹಿಸಿದವರ ಸಂಖ್ಯೆ, ದಿನಾಂಕ ಎಲ್ಲವನ್ನೂ ತೆಗೆದಿಟ್ಟುಕೊಳ್ಳಿ. ಪ್ರಚಾರದಲ್ಲಿ ರಕ್ಷಣಾ ಸಿಬ್ಬಂದಿಯ ಚಿತ್ರ ಬಳಸಬಾರದೆಂದು ಚುನಾವಣಾ ಆಯೋಗ 2013ರಲ್ಲಿ ಪಕ್ಷಗಳಿಗೆ ಸೂಚಿಸಿ 2019ರ ಮಾರ್ಚ್‌ನಲ್ಲಿ ಅದನ್ನೇ ಪುನರುಚ್ಚರಿಸಿದೆ. ಹಾಗಾಗಿ ಚುನಾವಣೆಯ ವೇಳೆಯಲ್ಲಾದರೆ ಮನೆಯವರ ಮೂಲಕ ಜಿಲ್ಲಾ ಚುನಾವಣಾಧಿಕಾರಿಗೆ ದೂರು ಕೊಡಿಸಿ, ಸ್ವೀಕೃತಿ ಪಡೆದುಕೊಳ್ಳಿ. ಆ ಕಾಗದ ವಿಚಾರಣೆಯಲ್ಲಿ ಉಪಯೋಗಕ್ಕೆ ಬರುತ್ತದೆ.

ಮನೆಯವರು ಸಮವಸ್ತ್ರದ ಚಿತ್ರಗಳನ್ನು ಸ್ಟೇಟಸ್‌ನಿಂದಲೂ ಗುಂಪುಗಳಿಂದಲೂ ಇಂದೇ ತೆಗೆದುಬಿಡಿ, ಹೆಸರುಪಟ್ಟಿ ಮತ್ತು ರೆಜಿಮೆಂಟಿನ ಗುರುತು ಕಾಣುವಂಥವನ್ನು ಮೊದಲು ತೆಗೆಯಿರಿ. ರಜೆಗೆ ಬಂದವರ ಬಳಿ ಯಾರಾದರೂ ಸರ್ಕಾರದ ಬಗ್ಗೆ ಕೇಳತೊಡಗಿದರೆ ಫೋನುಗಳನ್ನು ಬದಿಗಿಡಲು ಹೇಳುವ ಕೆಲಸವನ್ನು ನೀವೇ ವಹಿಸಿಕೊಳ್ಳಿ. ಅಷ್ಟೆಲ್ಲ ಹಿರಿಯರ ಎದುರು ಅದನ್ನು ಹೇಳಲು ಬಂದವನಿಗೆ ಸಂಕೋಚವಾಗುತ್ತದೆ.