ಮೀಟರ್ ಬಿಲ್ಲೋ, ತಿಂಗಳಿಗೆ ಒಂದೇ ದರವೋ: ನಮ್ಮ ಸ್ಟುಡಿಯೊದ ಇಂಟರ್‌ನೆಟ್ ಲೆಕ್ಕ

ಬಾಗಲಕೋಟೆಯ ನವನಗರದಲ್ಲಿ ನಮ್ಮದು ಮದುವೆಗಳ ಫೋಟೊ, ವಿಡಿಯೊ ತೆಗೆಯುವ ಸ್ಟುಡಿಯೊ. ಚಿತ್ರೀಕರಣ ಇಲ್ಲಿ, ಸಂಕಲನ ಹುಬ್ಬಳ್ಳಿಯಲ್ಲಿ. ಹೀಗಾಗಿ ಇಂಟರ್‌ನೆಟ್ ನಮಗೆ ಲಗೇಜ್ ಗಾಡಿ ಇದ್ದಂತೆ. ಒಂದೇ ವರ್ಷದಲ್ಲಿ ಎರಡೂ ಬಗೆಯ ಸಂಪರ್ಕ ಇಟ್ಟುಕೊಂಡು ನೋಡಿದೆ.

ಮೀಟರ್ ಯೋಜನೆಯಲ್ಲಿ ತಿಂಗಳಿಗೆ 400 ರೂಪಾಯಿಗೆ 100 ಜಿಬಿ, ಮೇಲಿನ ಪ್ರತಿ ಜಿಬಿಗೆ 6 ರೂಪಾಯಿ. ಒಂದೇ ದರದ ಯೋಜನೆಗೆ 1,000 ರೂಪಾಯಿ. ಎರಡರ ಮೇಲೂ ಶೇ 18 ಜಿಎಸ್‌ಟಿ. 200 ಜಿಬಿ ದಾಟಿದರೆ ಮೀಟರ್ ದುಬಾರಿ ಎಂಬ ಲೆಕ್ಕ ನನಗೂ ಬರುತ್ತಿತ್ತು. ಆದರೆ ಮೀಟರ್ ಹಾಕಿಸಿಕೊಂಡದ್ದು ಆಷಾಢದಲ್ಲಿ. ಮದುವೆಯೇ ಇಲ್ಲದ ತಿಂಗಳಿಗೆ 472 ರೂಪಾಯಿ ಬಿಲ್ಲು ಬಂದಾಗ ಮನೆಯವರ ಮುಂದೆ ಜಾಣನಂತೆ ಬೀಗಿದ್ದೂ ಆಯಿತು.

ತುಳಸಿ ಲಗ್ನ ಮುಗಿಯಿತು, ಮುಹೂರ್ತಗಳು ಸಾಲುಗಟ್ಟಿದವು. ನಮ್ಮ ಕ್ಯಾಮೆರಾ 4ಕೆ ವಿಡಿಯೊವನ್ನು ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಬರೆಯುತ್ತದೆ, ಅಂದರೆ ಗಂಟೆಗೆ 45 ಜಿಬಿ. ಆರಿಸಿ ಆರಿಸಿ ಕಳುಹಿಸಿದರೂ ಒಂದು ಮದುವೆಗೆ 40 ಜಿಬಿ ಆಗುತ್ತದೆ. ಒಂದು ರಾತ್ರಿ ಅಷ್ಟನ್ನೂ ಒಂದೇ ಕಡತ ಮಾಡಿ, ಅಪ್‌ಲೋಡ್ ಹಚ್ಚಿ ಮನೆಗೆ ಹೋದೆ. 31 ಜಿಬಿ ಹೋಗಿರುವಾಗ ಕರೆಂಟ್ ಕೈಕೊಟ್ಟಿತು. ಬೆಳಿಗ್ಗೆ ನೋಡಿದರೆ ಹುಬ್ಬಳ್ಳಿಗೆ ಒಂದು ಚೌಕಟ್ಟೂ ತಲುಪಿಲ್ಲ, ಮೀಟರಿನಲ್ಲಿ ಮಾತ್ರ 31 ಜಿಬಿ ಏರಿದೆ. 186 ರೂಪಾಯಿ ನೀರಿಗೆ ಹೋಯಿತು. ಮೀಟರಿಗೆ ಕೆಲಸ ಯಾವುದು, ಕಸ ಯಾವುದು ಎಂಬ ಭೇದವಿಲ್ಲ. ವಿಂಡೋಸ್ ಅಪ್‌ಡೇಟ್ ಕೂಡ ಅದೇ ಬೆಲೆಗೇ ಇಳಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಮೀಟರ್ಡ್ ಕನೆಕ್ಷನ್’ ಎಂದು ಗುರುತು ಹಾಕಿದರೆ ಅದನ್ನು ಬಹುಮಟ್ಟಿಗೆ ತಡೆಯಬಹುದು ಎಂಬುದು ತಿಳಿಯುವಷ್ಟರಲ್ಲಿ ತಿಂಗಳು ಮುಗಿದಿತ್ತು. ಬಳಕೆ 610 ಜಿಬಿ, ಬಿಲ್ಲು 4,083 ರೂಪಾಯಿ.

ಹಣಕ್ಕಿಂತ ನನಗೆ ನಾಚಿಕೆ ತಂದದ್ದು ಬೇರೆ. ‘ಅಕ್ಕಿಕಾಳು ಬೀಳುವಾಗ ಇನ್ನೊಂದು ಕಡೆಯಿಂದ ತೆಗೆದದ್ದು ಇದೆಯೇ?’ ಎಂದು ಸಂಕಲನಕಾರ ಕೇಳಿದ. ಇತ್ತು, 9 ಜಿಬಿ ಇತ್ತು. ಇಲ್ಲ ಎಂದುಬಿಟ್ಟೆ. 54 ರೂಪಾಯಿಗೆ ಸುಳ್ಳು ಹೇಳಿದ್ದೆ. ಮರುದಿನವೇ ಯೋಜನೆ ಬದಲಿಸಿದೆ.

ಒಂದೇ ದರದ್ದಕ್ಕೆ ಬಂದ ಮೇಲೆ ಉಸಿರು ಸಲೀಸಾಯಿತು. ಆದರೆ ಇದೂ ನಮ್ಮ ಖಾನಾವಳಿಯ ಊಟದಂತೆಯೇ. ರೊಟ್ಟಿ ಎಷ್ಟಾದರೂ ಹಾಕಿಸಿಕೊಳ್ಳಬಹುದು, ಐದನೆಯದಾದ ಮೇಲೆ ಬಡಿಸುವವನು ನಮ್ಮ ಕಡೆ ನೋಡುವುದನ್ನು ನಿಲ್ಲಿಸುತ್ತಾನೆ. ‘ಅನಿಯಮಿತ’ ಎಂಬ ದಪ್ಪಕ್ಷರದ ಕೆಳಗೆ ಸಣ್ಣಕ್ಷರದಲ್ಲಿ 3,300 ಜಿಬಿಯ ಮಿತಿ ಇತ್ತು. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಪೂರ್ಣ ವೇಗದಲ್ಲಿ ಎಳೆದರೆ 73 ಗಂಟೆಯಲ್ಲಿ ಖಾಲಿಯಾಗುವಷ್ಟು. ಯಾರು ಮುಟ್ಟುತ್ತಾರೆ ಎಂದುಕೊಂಡಿದ್ದೆ, ನಾನೇ ಮುಟ್ಟಿದೆ. ಅಂಗಡಿಯ ನಾಲ್ಕು ಸಿಸಿಟಿವಿ ಕ್ಯಾಮೆರಾಗಳನ್ನು ಕ್ಲೌಡ್‌ಗೆ ಜೋಡಿಸಿದ್ದೆ. ಒಂದೊಂದು 2 ಎಂಬಿಪಿಎಸ್‌ನಂತೆ ಹಗಲೂ ರಾತ್ರಿ ಕಳುಹಿಸಿದರೆ ತಿಂಗಳಿಗೆ 2,592 ಜಿಬಿ! ಮುಚ್ಚಿದ ಶಟರಿನ ಚಿತ್ರಕ್ಕೆ ಇಷ್ಟು. ಮದುವೆಗಳ ಕಡತಗಳೂ ಸೇರಿ 26ನೇ ತಾರೀಖಿಗೇ ಮಿತಿ ಮುಗಿದು, ವೇಗ 2 ಎಂಬಿಪಿಎಸ್‌ಗೆ ಕುಸಿಯಿತು. ಆ ವೇಗದಲ್ಲಿ 40 ಜಿಬಿ ಹೋಗಲು 44 ಗಂಟೆ ಬೇಕು. 2023ರಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್‌ಗೆ ನಿಗದಿ ಮಾಡಿದ ಕನಿಷ್ಠ ಡೌನ್‌ಲೋಡ್ ವೇಗವೂ 2 ಎಂಬಿಪಿಎಸ್ಸೇ, ಹೀಗಾಗಿ ದೂರಲೂ ಬಾಯಿಲ್ಲ. ಕ್ಯಾಮೆರಾಗಳ ದಾಖಲೆಯನ್ನು ಕ್ಲೌಡ್ ಬಿಟ್ಟು ಅಂಗಡಿಯಲ್ಲೇ ಇರುವ ರೆಕಾರ್ಡರ್ ಪೆಟ್ಟಿಗೆಗೆ ಇಳಿಸಿದ ಮೇಲೆ ಆ ಮಿತಿಯ ಹತ್ತಿರವೂ ಹೋಗಿಲ್ಲ.

ಈಗ ಒಂದೇ ದರದ್ದನ್ನೇ ಇಟ್ಟುಕೊಂಡಿದ್ದೇನೆ. ಆಷಾಢದಲ್ಲಿ 1,180 ರೂಪಾಯಿ ಕಟ್ಟುವಾಗ ಹೊಟ್ಟೆ ಉರಿಯುತ್ತದೆ, ಆದರೂ ಕಟ್ಟುತ್ತೇನೆ. ತಿಂಗಳಿಗೆ ನಾಲ್ಕು ಬಿಲ್ಲು, ಹತ್ತು ಮೇಲ್ ಕಳುಹಿಸುವ ಲೆಕ್ಕಪತ್ರದ ಕಚೇರಿಯಂಥವರಿಗಾದರೆ ಮೀಟರ್ ಸಾಕು.

ಇನ್ನು 500 ಜಿಬಿಯ ದೊಡ್ಡ ಮದುವೆಗಳಿಗೆ ಎರಡೂ ಬೇಡ. 100 ಎಂಬಿಪಿಎಸ್‌ನಲ್ಲಿ ಅಪ್‌ಲೋಡ್ ಆಗಲು 11 ಗಂಟೆ ಹಿಡಿಯುತ್ತದೆ. ಹಾರ್ಡ್ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಮ್ಮ ಹುಡುಗ ಬೆಳಿಗ್ಗೆ ಹುಬ್ಬಳ್ಳಿ ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ತಲುಪಿಸಿರುತ್ತಾನೆ.