ವಾಸನೆ ತರಬೇತಿ ಕಿಟ್: ಸಾಮಾನು ಸರಿ, ಡಬ್ಬಿಯ ಮಾತು ಜಾಸ್ತಿ

ವೈರಲ್ ಜ್ವರ ಬಿಟ್ಟ ಮೇಲೂ ಪರಿಮಳ ಗೊತ್ತಾಗದವರು ದಿನಾ ಮೂಸಿ ಮೂಗನ್ನು ಮತ್ತೆ ಪಳಗಿಸಲೆಂದು ಮಾರುವ ಕಿಟ್ ಇದು. ಗುಲಾಬಿ, ಲಿಂಬೆ, ಲವಂಗ, ನೀಲಗಿರಿ: ನಾಲ್ಕು ಬಾಟಲಿ ಎಣ್ಣೆ. ಆಯ್ಕೆಯಲ್ಲಿ ತಪ್ಪಿಲ್ಲ. 2009ರಲ್ಲಿ ಜರ್ಮನಿಯ ಸಂಶೋಧಕ ಥಾಮಸ್ ಹುಮ್ಮೆಲ್ ತಂಡ ವಾಸನೆ ಹೋದವರಿಗೆ ದಿನಕ್ಕೆರಡು ಸಲದಂತೆ 12 ವಾರ ಮೂಸಿಸಿದ್ದೂ ಇವೇ ಪರಿಮಳಗಳನ್ನು.

ತಕರಾರು ‘ಮೆದುಳನ್ನು ಸರಿಪಡಿಸುತ್ತದೆ’ ಎಂಬ ಡಬ್ಬಿಯ ಬರಹದ್ದು. ಕೊರೊನಾ ವೈರಸ್ ಮುಖ್ಯವಾಗಿ ಕೆಡಿಸುವುದು ಮೂಗಿನ ಮೇಲ್ಭಾಗದಲ್ಲಿ ವಾಸನೆಯ ನರಕೋಶಗಳಿಗೆ ಆಸರೆಯಾದ ಕೋಶಗಳನ್ನು. ಆಸರೆ ತಪ್ಪಿದರೆ ನರಕೋಶವೂ ಸೊರಗುತ್ತದೆ, ಮೆದುಳಿಗೆ ಸುದ್ದಿ ಮುಟ್ಟುವುದಿಲ್ಲ. 2022ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನದಲ್ಲಿ 785 ಮಂದಿಗೆ ಎರಡೆರಡು ಸಲ ಮೆದುಳಿನ ಸ್ಕ್ಯಾನ್ ಆಗಿತ್ತು. ನಡುವೆ ಕೋವಿಡ್ ಬಂದ 401 ಮಂದಿಯಲ್ಲಿ, ವಾಸನೆಗೆ ಸಂಬಂಧಿಸಿದ ಭಾಗಗಳು ಉಳಿದವರಿಗಿಂತ ಸರಾಸರಿ ಶೇ. 0.2ರಿಂದ 2ರಷ್ಟು ಹೆಚ್ಚು ಸವೆದಿದ್ದವು. ಅದು ವೈರಸ್ಸಿನ ನೇರ ಏಟೋ, ಸುದ್ದಿ ಬಾರದೆ ಆದ ಸೊರಗೋ ಎಂದು ಸ್ಕ್ಯಾನ್ ಹೇಳುವುದಿಲ್ಲ. ಬಾಟಲಿ ಮೂಸಿದರೆ ತುಂಬಿಬರುತ್ತದೆ ಎಂದಂತೂ ಇಲ್ಲವೇ ಇಲ್ಲ.

ಬಾಟಲಿಗಳು ಬಿಳಿ ಗಾಜಿನವು, ಎಣ್ಣೆ ಕಂಠಮಟ್ಟ. ಮಂಗಳೂರಿನ ಸೆಕೆಗೆ, ಬೆಳಕಿಗೆ ಮೊದಲು ಕೆಡುವುದು ಲಿಂಬೆ. ಹಳೇ ವಾರ್ನಿಶ್ ವಾಸನೆ ಬಂದರೆ ಎಸೆಯಿರಿ. ಎಣ್ಣೆ ಮೂಗಿಗೆ ತಾಗಿದರೆ ಉರಿ. ಹಾಗಾಗಿ ಬೇರೆ ಕಂದು ಬಾಟಲಿಯ ತಳಕ್ಕೆ ದಪ್ಪ ಡ್ರಾಯಿಂಗ್ ಕಾಗದದ ತುಂಡು ಹಾಕಿ, ನಾಲ್ಕೈದು ಹನಿ ಬಿಟ್ಟು ಮುಚ್ಚಿಡಿ. ಒಂದೊಂದನ್ನೂ 20 ಸೆಕೆಂಡ್, ಮೊಲ ಮೂಸಿದ ಹಾಗೆ ಸಣ್ಣ ಸಣ್ಣ ಉಸಿರಲ್ಲಿ. ನಡುವೆ ಅರ್ಧ ನಿಮಿಷ ಬಿಡುವು. ಜೋರಾಗಿ ಎಳೆದರೆ ಲಾಭವಿಲ್ಲ.

ಮೋಸ ಹೋಗುವುದು ನೀಲಗಿರಿಯಲ್ಲಿ. ಅದರ ತಂಪನ್ನು ಒಯ್ಯುವುದು ಮುಖದ ಸ್ಪರ್ಶ, ಉರಿ ತಿಳಿಸುವ ಟ್ರೈಜೆಮಿನಲ್ ನರ, ವಾಸನೆಯ ನರವಲ್ಲ. ಮೂಗು ಪೂರ್ತಿ ಸತ್ತವರಿಗೂ ‘ಏನೋ ಬಂತು’ ಅನ್ನಿಸುತ್ತದೆ. ಸುಧಾರಣೆಯನ್ನು ಗುಲಾಬಿಯಲ್ಲಿ ಅಳೆಯಿರಿ. ಶಂಕರಪುರ ಮಲ್ಲಿಗೆ ಇಟ್ಟುಕೊಳ್ಳಬಹುದಲ್ಲ ಎಂದರೆ, ಬೆಳಗಿನ ಪರಿಮಳ ಸಂಜೆಗಿರುವುದಿಲ್ಲ, ಅಳತೆಗೆ ಆಗದು. ಲವಂಗವಾದರೆ ರಥಬೀದಿಯ ಗ್ರಂಥಿಗೆ ಅಂಗಡಿಯದ್ದೇ ಸಾಕು, ಐದಾರನ್ನು ಆಗಾಗ ಹೊಸದಾಗಿ ಜಜ್ಜಿಕೊಳ್ಳಿ.

ಕೈಪಿಡಿಯಲ್ಲಿ ಇಲ್ಲದ ಮುಖ್ಯ ಮಾತು: ವಾರಗಳೋ ತಿಂಗಳೋ ಕಳೆದ ಮೇಲೆ ಕಾಫಿ, ಈರುಳ್ಳಿ ಒಗ್ಗರಣೆ, ಬಂಗುಡೆ ಫ್ರೈ ಎಲ್ಲ ಸುಟ್ಟ ರಬ್ಬರಿನಂತೆ ನಾರಬಹುದು. ಹೊಸ ನರಕೋಶಗಳ ಜೋಡಣೆ ಇನ್ನೂ ಸರಿಯಾಗದಿರುವಾಗ ಹೀಗಾಗುತ್ತದೆ ಎಂಬುದು ತಜ್ಞರ ಅಂದಾಜು. ಇಲ್ಲೇ ಹೆಚ್ಚಿನವರು ಬಿಟ್ಟುಬಿಡುವುದು, ಬಿಡಬಾರದ್ದೂ ಇಲ್ಲೇ.

ಶೀತ ಜ್ವರವಿಲ್ಲದೆ, ಒಂದೇ ಹೊಳ್ಳೆಯಲ್ಲಿ ಅಥವಾ ತಲೆಗೆ ಪೆಟ್ಟಾಗಿ ವಾಸನೆ ಹೋಗಿದ್ದರೆ ಕಿಟ್ ಬೇಡ, ಇಎನ್‌ಟಿ ಡಾಕ್ಟರರಿಗೆ ತೋರಿಸಿ. ಯಾರೇ ಆಗಲಿ, ಗ್ಯಾಸ್ ಸೋರಿದರೆ ಗೊತ್ತಾಗುವಷ್ಟು ಮೂಗು ಸುಧಾರಿಸುವವರೆಗೆ ದಿನಾ ರಾತ್ರಿ ರೆಗ್ಯುಲೇಟರ್ ಬಂದ್ ಮಾಡಿಯೇ ಮಲಗಿ.