ಹಳೆ ಫ್ಲ್ಯಾಟ್ ಮಾರುವಾಗ ಹೋಮ್ ಇನ್‌ಸ್ಪೆಕ್ಷನ್: ರಿಪೋರ್ಟ್‌ನಲ್ಲಿ ಯಾವುದಕ್ಕೆ ಬೆಲೆ, ಯಾವುದಕ್ಕಿಲ್ಲ

ಬೆಂಗಳೂರಿನಲ್ಲಿ ಹೋಮ್ ಇನ್‌ಸ್ಪೆಕ್ಷನ್ ಅಂದರೆ ಬಿಲ್ಡರ್‌ನಿಂದ ಹೊಸ ಫ್ಲ್ಯಾಟ್‌ನ ಕೀ ತೆಗೆದುಕೊಳ್ಳುವ ಮುಂಚೆ ಮಾಡಿಸುವ ತಪಾಸಣೆ ಎಂದೇ ಹೆಚ್ಚಿನವರ ಎಣಿಕೆ. ಆದರೆ ಹತ್ತು ಹದಿನೈದು ವರ್ಷದ ಫ್ಲ್ಯಾಟ್ ಕೊಳ್ಳುವವರೂ ಇನ್‌ಸ್ಪೆಕ್ಟರ್‌ನನ್ನು ಕರೆತರುತ್ತಾರೆ. ಆಮೇಲೆ ಮಾರುವವರ ವಾಟ್ಸ್‌ಆ್ಯಪ್‌ಗೆ ಒಂದು ದಪ್ಪ ಪಿಡಿಎಫ್ ಬರುತ್ತದೆ. ಅದರ ಬೆನ್ನಿಗೇ ‘ಇಷ್ಟನ್ನೂ ಸರಿಮಾಡಿಸಿಕೊಡಿ, ಇಲ್ಲಾಂದ್ರೆ ರೇಟು ಇಳಿಸಿ’ ಎಂಬ ಮಾತು. ಫ್ಲ್ಯಾಟ್ ಮಾರುವವರ ಕಡೆಯಿಂದ ಈ ಸೇವೆಯನ್ನು ತೂಗಿ ನೋಡಿದ ವಿಮರ್ಶೆ ಇದು. ಯಾವುದೇ ಒಂದು ಕಂಪನಿಯ ಬಗ್ಗೆ ಅಲ್ಲ.

ತೀರ್ಪು ಮೊದಲೇ ಹೇಳಿಬಿಡುವುದಾದರೆ, ಕರೆಂಟ್ ಭಾಗಕ್ಕೆ ಕೊಟ್ಟ ದುಡ್ಡು ಪೂರ್ತಿ ಸಾರ್ಥಕ. ನೀರು, ತೇವದ ಭಾಗ ಅರ್ಧ ಸಾರ್ಥಕ. ಪೇಂಟು, ಟೈಲು, ಬಾಗಿಲಿನ ಭಾಗ ಚೌಕಾಸಿಗೆ ಸರಕು ಒದಗಿಸುತ್ತದೆ, ಅಷ್ಟೇ.

ಕರೆಂಟ್ ವಿಷಯದಲ್ಲಿ ಅಳತೆ ಸುಳ್ಳು ಹೇಳುವುದಿಲ್ಲ. ಆರ್‌ಸಿಸಿಬಿಗೆ (ಕರೆಂಟ್ ಸೋರಿದಾಗ ಲೈನ್ ಕಡಿದು ಶಾಕ್ ತಪ್ಪಿಸುವ ಸ್ವಿಚ್) ಟೆಸ್ಟರ್ ಹಾಕಿದರೆ 30 ಮಿಲಿಆಂಪ್ ಸೋರಿಕೆಗೆ ಅದು 300 ಮಿಲಿಸೆಕೆಂಡ್ ಒಳಗೆ ಟ್ರಿಪ್ ಆಗಬೇಕು. ಆಗಲಿಲ್ಲವೆಂದರೆ ಬದಲಿಸಬೇಕು, ವಾದಕ್ಕೆ ಜಾಗವಿಲ್ಲ. ಹಳೆ ಫ್ಲ್ಯಾಟ್‌ಗಳಲ್ಲಿ ಪದೇ ಪದೇ ಸಿಗುವ ಇನ್ನೊಂದು ದೋಷ ಎಂಸಿಬಿಯದು, ಅಂದರೆ ಲೋಡ್ ಮಿತಿ ಮೀರಿದರೆ ಕರೆಂಟ್ ಕಡಿಯುವ ಸ್ವಿಚ್‌ನದು. ಗೀಸರ್ ಹಾಕಿದಾಗ ಟ್ರಿಪ್ ಆಗುತ್ತಿತ್ತು ಅಂತ ಯಾರೋ ಎಲೆಕ್ಟ್ರಿಷಿಯನ್ 16 ಆಂಪ್ ತೆಗೆದು 32 ಆಂಪ್ ಎಂಸಿಬಿ ಕೂರಿಸಿರುತ್ತಾನೆ, ಒಳಗಿನ ವೈರು ಮಾತ್ರ ಅದೇ 2.5 ಚದರ ಮಿ.ಮೀ. ಈಗ ಲೋಡ್ ಜಾಸ್ತಿಯಾದರೆ ಎಂಸಿಬಿ ಸುಮ್ಮನಿರುತ್ತದೆ, ವೈರು ಬಿಸಿಯೇರುತ್ತದೆ. ಇದು ಕೊಳ್ಳುವವರು ಕೇಳುವ ಮುಂಚೆಯೇ ಮಾರುವವರು ಸರಿಮಾಡಿಸಬೇಕಾದ ಕೆಲಸ. ಅರ್ಥಿಂಗ್ ಇಲ್ಲದ ಸಾಕೆಟ್‌ಗಳೂ ಹಾಗೆಯೇ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಮಾಡಿಸಿ, ಬಿಲ್ ಜೊತೆಗೆ ಆರ್‌ಸಿಸಿಬಿಯ ಟೆಸ್ಟ್ ರೀಡಿಂಗ್ ಬರೆಸಿಕೊಂಡರೆ ಆ ಅಧ್ಯಾಯ ಅಲ್ಲಿಗೆ ಮುಗಿಯಿತು.

ಜಗಳ ಹತ್ತುವುದು ತೇವದಲ್ಲಿ. ರಿಪೋರ್ಟ್‌ನಲ್ಲಿ ಥರ್ಮಲ್ ಕ್ಯಾಮೆರಾದ ಫೋಟೊ, ಗೋಡೆಯ ಮೇಲೆ ನೀಲಿ ಕಲೆ, ಕೆಳಗೆ ‘ಸೀಪೇಜ್’ (ನೀರು ಒಸರುವಿಕೆ) ಎಂಬ ಒಂದೇ ಪದ. ಕ್ಯಾಮೆರಾ ನೀರನ್ನು ನೋಡುವುದಿಲ್ಲ, ಗೋಡೆಯ ಮೇಲ್ಮೈ ಬಿಸಿಯ ವ್ಯತ್ಯಾಸವನ್ನು ನೋಡುತ್ತದೆ. ಎಸಿ ಗಾಳಿ ಬಡಿಯುವ ಗೋಡೆಯೂ, ನೆರಳಿನಲ್ಲಿರುವ ಕಾಂಕ್ರೀಟ್ ಪಿಲ್ಲರ್ ಕೂಡ ನೀಲಿಯಾಗಿ ಕಾಣಬಹುದು. ಆದ್ದರಿಂದ ಅದೇ ಜಾಗದಲ್ಲಿ ಮಾಯಿಶ್ಚರ್ ಮೀಟರ್‌ನ ರೀಡಿಂಗ್ ಇರಬೇಕು, ಪಕ್ಕದ ಒಣ ಗೋಡೆಯ ರೀಡಿಂಗ್ ಕೂಡ ಜೊತೆಗಿರಬೇಕು. ಎರಡು ಪಿನ್ ಚುಚ್ಚುವ ಮೀಟರ್‌ನ ಸ್ಕೇಲು ಮೂಲತಃ ಮರಕ್ಕೆ ಮಾಡಿದ್ದು. ಪ್ಲಾಸ್ಟರ್ ಮೇಲೆ ಅದರ ಶೇಕಡಾವಾರು ಅಂಕಿಗೆ ಅರ್ಥವಿಲ್ಲ, ಹೋಲಿಕೆಗೆ ಮಾತ್ರ ಉಪಯೋಗ. ಹಳೇ ತೇವ ಒಣಗಿ ಉಪ್ಪು ಬಿಟ್ಟಿರುವ ಗೋಡೆಯಲ್ಲೂ ಆ ಅಂಕಿ ಮೇಲೇರುತ್ತದೆ. ಈ ಹೋಲಿಕೆಯ ರೀಡಿಂಗ್ ಇಲ್ಲದ ರಿಪೋರ್ಟ್ ಬಂದರೆ ‘ಎರಡೂ ಕಡೆಯ ರೀಡಿಂಗ್ ಕಳಿಸಿ, ಆಮೇಲೆ ಮಾತಾಡೋಣ’ ಎನ್ನುವುದರಲ್ಲಿ ತಪ್ಪೇನಿಲ್ಲ. ಉಲ್ಟಾ ಅಪಾಯವೂ ಇದೆ. ಏಪ್ರಿಲ್‌ನ ಒಣ ಗೋಡೆಯಲ್ಲಿ ಕ್ಯಾಮೆರಾಗೆ ಸಿಕ್ಕದ ಸೋರಿಕೆ ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಹೊರಬೀಳುತ್ತದೆ.

ಒಂದು ಮಾಮೂಲಿ ಪ್ರಸಂಗ ತೆಗೆದುಕೊಳ್ಳಿ. ಬೆಡ್‌ರೂಮಿನ ವಾರ್ಡ್‌ರೋಬ್ ಹಿಂದೆ, ಬಾತ್‌ರೂಮಿಗೆ ಅಂಟಿಕೊಂಡ ಗೋಡೆಯ ಬುಡದಲ್ಲಿ ಪೇಂಟ್ ಉಬ್ಬಿದೆ. ಕೊಳ್ಳುವವರ ಬೇಡಿಕೆ: ಬಾತ್‌ರೂಮ್ ಪೂರ್ತಿ ಒಡೆಸಿ ವಾಟರ್‌ಪ್ರೂಫಿಂಗ್ ಮಾಡಿಸಿಕೊಡಿ. ಒಪ್ಪಿಕೊಳ್ಳುವುದಕ್ಕೂ ಮುಂಚೆ, ನಿರಾಕರಿಸುವುದಕ್ಕೂ ಮುಂಚೆ, ನೀರು ಎಲ್ಲಿಂದ ಬರುತ್ತಿದೆ ಎಂದು ಮೂರು ಹಂತದಲ್ಲಿ ನೋಡಬೇಕು. ಮೊದಲು ಎರಡು ಮೂರು ದಿನ ಆ ಬಾತ್‌ರೂಮ್ ಬಳಸದೆ, ಆದರೆ ಪೈಪ್‌ನಲ್ಲಿ ನೀರಿನ ಒತ್ತಡ ಇಟ್ಟು ಬಿಡಿ. ಆಗಲೂ ತೇವ ಏರಿದರೆ ಗೋಡೆಯೊಳಗಿನ ಸಿಪಿವಿಸಿ (ಪ್ಲಾಸ್ಟಿಕ್) ಪೈಪೋ ಆ್ಯಂಗಲ್ ಕಾಕ್ (ಗೋಡೆಗೆ ಕೂರಿಸಿದ ಸಣ್ಣ ವಾಲ್ವ್) ಜೋಡಣೆಯೋ ಸೋರುತ್ತಿದೆ. ನಾಲ್ಕು ಟೈಲ್ ತೆಗೆದರೆ ಸಾಕು. ತೇವ ಏರಲಿಲ್ಲವೇ, ಫ್ಲೋರ್ ಟ್ರ್ಯಾಪ್‌ಗೆ (ನೆಲದ ನೀರು ಹೊರಹೋಗುವ ಕಿಂಡಿ) ಬಿರಡೆ ಹಾಕಿ ನೆಲದ ಮೇಲೆ ಮಾತ್ರ ನೀರು ನಿಲ್ಲಿಸಿ 24 ಗಂಟೆ ಬಿಡಿ. ನೀರು ಬಾಗಿಲ ಹೊಸಿಲು ದಾಟದಷ್ಟಿರಲಿ, ಮತ್ತು ಕೆಳಮನೆಯವರಿಗೆ ಮೊದಲೇ ಹೇಳಿ. ಅವರ ಸೀಲಿಂಗ್‌ನ ಫೋಟೊ ಮೊದಲು ಒಂದು, ಆಮೇಲೆ ಒಂದು ತೆಗೆದಿಡಿ. ಇದರಲ್ಲಿ ಸೋರಿದರೆ ಮಾತ್ರ ನೆಲದ ವಾಟರ್‌ಪ್ರೂಫಿಂಗ್ ಅಥವಾ ಟ್ರ್ಯಾಪ್‌ನ ಸುತ್ತಲಿನ ಜೋಡಣೆ ಹೋಗಿದೆ ಅಂತ. ಅದೂ ಇಲ್ಲವೆಂದರೆ ಕೊನೆಗೆ ಶವರ್‌ನಿಂದ ಗೋಡೆಗೆ ಮಾತ್ರ ನೀರು ಹಾಯಿಸಿ ನೋಡುವುದು. ಆಗ ಸಿಕ್ಕಿಬೀಳುವುದು ಟೈಲ್ ಸಂದಿನ ಹಳೇ ಗ್ರೌಟ್. ಅದನ್ನು ಕೆರೆದು ತೆಗೆದು, ಒಣಗಿಸಿ, ಎಪಾಕ್ಸಿ ಗ್ರೌಟ್ ತುಂಬಿದರೆ ಕೆಲಸ ಮುಗಿಯುತ್ತದೆ. ಮೂರು ಕಾರಣಗಳ ಖರ್ಚಿನ ನಡುವೆ ಅಜಗಜಾಂತರ. ಕಾರಣ ಗೊತ್ತಾಗದೆ ದುಡ್ಡಿನ ಮಾತು ಆಡಿದರೆ ಇಬ್ಬರಲ್ಲಿ ಒಬ್ಬರು ಮೋಸ ಹೋಗುತ್ತಾರೆ. ಈ ಪರೀಕ್ಷೆಯನ್ನು ಬಹುತೇಕ ಇನ್‌ಸ್ಪೆಕ್ಷನ್‌ನವರು ಮಾಡುವುದಿಲ್ಲ, ಏಕೆಂದರೆ ಅವರು ಬಂದು ಹೋಗುವುದು ಕೆಲವೇ ಗಂಟೆಗಳ ಕೆಲಸ. ಈ ಸೇವೆಯ ದೊಡ್ಡ ಕೊರತೆ ಇದೇ.

ಹೊರಗೋಡೆಯಿಂದ ಬರುವ ತೇವ ಬೇರೆ ಲೆಕ್ಕ. ಅಪಾರ್ಟ್‌ಮೆಂಟ್‌ನ ಹೊರಗೋಡೆ, ಟೆರೇಸ್, ಪೈಪ್‌ಗಳು ಇಳಿಯುವ ಡಕ್ಟ್ ಎಲ್ಲರಿಗೂ ಸೇರಿದ್ದು. ಅದನ್ನು ಸರಿಪಡಿಸುವುದು ಅಸೋಸಿಯೇಷನ್. ಅಂಥ ಬೇಡಿಕೆಗೆ ಅಸೋಸಿಯೇಷನ್‌ಗೆ ಬರೆದ ದೂರು, ಅವರ ಉತ್ತರ ಎರಡನ್ನೂ ಕೊಳ್ಳುವವರ ಕೈಗಿಡಿ. ಒಳಗಿನಿಂದ ಪುಟ್ಟಿ ಬಳಿದು ಮುಚ್ಚುವುದು ಮಾತ್ರ ಬೇಡ. ಅದು ಒಂದು ಮಳೆಗಾಲವೂ ನಿಲ್ಲುವುದಿಲ್ಲ, ಮೇಲಾಗಿ ಆಸ್ತಿ ವರ್ಗಾವಣೆ ಕಾಯ್ದೆ 1882ರ 55ನೇ ಸೆಕ್ಷನ್ ಪ್ರಕಾರ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದ, ಮಾರುವವರಿಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವರು ಹೇಳಲೇಬೇಕು. ರಿಪೋರ್ಟ್ ಕೈಗೆ ಬಂದ ಮೇಲೆ ‘ಗೊತ್ತಿರಲಿಲ್ಲ’ ಎನ್ನುವ ದಾರಿ ಮುಚ್ಚಿತು. ಈ ಗಿರಾಕಿ ಬಿಟ್ಟುಹೋದರೆ ಮುಂದಿನವರಿಗೂ ಹೇಳಬೇಕು.

ಕೀ ಸಿಕ್ಕು ಐದು ವರ್ಷ ಆಗಿಲ್ಲದ ಫ್ಲ್ಯಾಟ್ ಆದರೆ ಜೇಬಿಗೆ ಕೈಹಾಕುವ ಮುಂಚೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ನೆನಪಿರಲಿ. ಅದರ 14(3)ನೇ ಸೆಕ್ಷನ್ ಪ್ರಕಾರ ಕಟ್ಟಡದ ರಚನೆ ಅಥವಾ ಕೆಲಸದ ಗುಣಮಟ್ಟದ ದೋಷವನ್ನು ಐದು ವರ್ಷದೊಳಗೆ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಮಾಡಬೇಕು. ಮರುಮಾರಾಟದಲ್ಲಿ ಕೊಂಡವರಿಗೂ ಆ ಹಕ್ಕು ಬರುತ್ತದೆ. ಈಗಲೇ ಇಮೇಲ್ ಹಾಕಿ, ಅದರ ಪ್ರತಿಯನ್ನು ಕೊಳ್ಳುವವರಿಗೆ ಕೊಡಿ.

ಟೈಲ್ ತಟ್ಟಿ ‘ಟೊಳ್ಳು’ ಎಂದು ಗುರುತು ಹಾಕಿದ ಪಟ್ಟಿಗೆ ಬಗ್ಗಬೇಕಾಗಿಲ್ಲ. ಹತ್ತು ವರ್ಷ ಅಲುಗಾಡದೆ ನಿಂತ ಟೈಲ್ ಒಡೆದರೆ ಅದೇ ಬಣ್ಣದ್ದು ಮತ್ತೆ ಸಿಗುವುದು ಕಷ್ಟ, ತೇಪೆ ಹಾಕಿದಂತಾಗುತ್ತದೆ. ಕಾಲಿಟ್ಟರೆ ಅಲ್ಲಾಡುವ, ಎದ್ದುಬಂದಿರುವ ಟೈಲ್ ಇದ್ದರೆ ಆ ಮಾತು ಬೇರೆ. ಪಿಲ್ಲರ್ ಮತ್ತು ಬ್ಲಾಕ್ ಗೋಡೆ ಸೇರುವಲ್ಲಿ ನೇರವಾಗಿ ಇಳಿದ ಕೂದಲೆಳೆ ಬಿರುಕು ಸಾಮಾನ್ಯವಾಗಿ ಎರಡು ವಸ್ತುಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಬಂದದ್ದು. ಬೀಮ್‌ನಲ್ಲಿ ಬಿರುಕು, ಅದರಿಂದ ತುಕ್ಕಿನ ನೀರು ಇಳಿದಿದ್ದರೆ ಮಾತ್ರ ಸ್ಟ್ರಕ್ಚರಲ್ ಎಂಜಿನಿಯರ್ ಬೇಕೇ ಬೇಕು. ನಲ್ಲಿಗಳ ಬಿಳಿ ಹರಳಿಗೆ ಕಾರಣ ಬೋರ್‌ವೆಲ್‌ನ ಗಡಸು ನೀರು. ತುದಿಯ ಜಾಲರಿ ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿದರೆ ಧಾರೆ ಸರಿಹೋಗುತ್ತದೆ, ನಲ್ಲಿಯನ್ನೇ ಬದಲಿಸಬೇಕಿಲ್ಲ.

ಇನ್ನು ರಿಪೇರಿಯೋ, ರೇಟು ಇಳಿಸುವುದೋ? ರೇಟು ಇಳಿಸಿದರೆ ಕೊಳ್ಳುವವರ ಕೈಗೆ ಅಷ್ಟೂ ದುಡ್ಡು ಉಳಿಯುತ್ತದೆ ಅಂತ ಇಬ್ಬರೂ ಅಂದುಕೊಂಡಿರುತ್ತಾರೆ. ಸಾಲ ತೆಗೆಯುವವರಿಗೆ ಹಾಗಾಗುವುದಿಲ್ಲ. 75 ಲಕ್ಷ ಮೀರಿದ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ಹಾಕಿರುವ ಮಿತಿ ಆಸ್ತಿಯ ಮೌಲ್ಯದ ಶೇ. 75. ಪೂರ್ತಿ ಮಿತಿಯವರೆಗೆ ಸಾಲ ತೆಗೆದವರಿಗೆ 1.2 ಕೋಟಿಯ ಫ್ಲ್ಯಾಟ್‌ನಲ್ಲಿ 2 ಲಕ್ಷ ಇಳಿಸಿದರೆ ಸಾಲವೇ ಒಂದೂವರೆ ಲಕ್ಷ ಕಡಿಮೆಯಾಗಬಹುದು. ತಕ್ಷಣ ಕೈಯಲ್ಲಿ ಉಳಿಯುವುದು 50 ಸಾವಿರ. ಬಾತ್‌ರೂಮ್ ಕೆಲಸಕ್ಕೆ ಅದು ಸಾಲದು. ಅಂಥವರಿಗೆ ಮಾರುವವರೇ ರಿಪೇರಿ ಮಾಡಿಸಿಕೊಡುವುದು ಲೇಸು. ಹೇಗಿದ್ದರೂ ಒಳಗನ್ನೆಲ್ಲ ಒಡೆಸಿ ಇಂಟೀರಿಯರ್ ಮಾಡಿಸುವವರಿಗೆ ರೇಟು ಇಳಿಸುವುದೇ ವಾಸಿ. ನಾವು ಹಾಕಿಸಿದ ಹೊಸ ಟೈಲ್ ಅವರು ಕಿತ್ತುಹಾಕುತ್ತಾರೆ. ‘ಅಷ್ಟು ಕ್ಯಾಶ್ ಆಗಿ ಹೊಂದಿಸೋಣ’ ಎಂಬ ಮಾತಿಗೆ ತಲೆಯಾಡಿಸಬೇಡಿ, ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಇದೆಲ್ಲ ಸಲೀಸಾಗುವುದು ಇನ್‌ಸ್ಪೆಕ್ಷನ್ ಸೇಲ್ ಅಗ್ರಿಮೆಂಟ್‌ಗೆ ಮುಂಚೆ ಆದರೆ. ಟೋಕನ್ ಕೊಟ್ಟ ವಾರದೊಳಗೆ ತಪಾಸಣೆ, ಒಪ್ಪಿದ ಕೆಲಸಗಳ ಪಟ್ಟಿ ಅಗ್ರಿಮೆಂಟ್‌ಗೆ ಅನುಬಂಧ: ಯಾವ ರೂಮು, ಏನು ಕೆಲಸ, ಯಾವ ಸಾಮಗ್ರಿ, ಯಾವ ಪರೀಕ್ಷೆ ಪಾಸಾದರೆ ಮುಗಿದಂತೆ. ‘ಸೀಪೇಜ್ ಸರಿಪಡಿಸುವುದು’ ಎಂದು ಬರೆದರೆ ನೋಂದಣಿಯ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ಮತ್ತೆ ಜಗಳ. ‘ಎಪಾಕ್ಸಿ ಗ್ರೌಟ್ ಹಾಕಿ, ಶವರ್‌ನಿಂದ ಗೋಡೆಗೆ ನೀರು ಹಾಯಿಸಿದ ಮೇಲೆ ಬೆಡ್‌ರೂಮಿನ ಗೋಡೆಯ ಬುಡ ಒಣಗಿರಬೇಕು’ ಎಂದು ಬರೆದರೆ ಜಗಳಕ್ಕೆ ಜಾಗ ಉಳಿಯುವುದಿಲ್ಲ.

ಬುಕ್ ಮಾಡುವ ಮುಂಚೆ ಇನ್‌ಸ್ಪೆಕ್ಷನ್‌ನವರನ್ನು ಕೇಳಬೇಕಾದದ್ದು: ರೇಟು ಕಾರ್ಪೆಟ್ ಏರಿಯಾಗೋ (ಗೋಡೆಗಳ ಒಳಗಿನ ಜಾಗ) ಬಿಲ್ಟ್‌ಅಪ್‌ಗೋ (ಗೋಡೆಗಳೂ ಸೇರಿ), ಜಿಎಸ್‌ಟಿ ಸೇರಿದೆಯೋ, ರಿಪೇರಿ ಆದ ಮೇಲಿನ ಎರಡನೇ ಭೇಟಿಗೆ ಬೇರೆ ಚಾರ್ಜೋ. ರಿಪೇರಿ ಕೆಲಸವನ್ನೂ ತಾವೇ ಹಿಡಿಯುವ ಕಂಪನಿಯಾದರೆ ಅವರ ತೇವದ ಪಟ್ಟಿಯನ್ನು ಇನ್ನೊಬ್ಬ ಪ್ಲಂಬರ್‌ಗೂ ತೋರಿಸಿ.